ಸ್ವಾಗತ ಭಾಷಣ

"ಒರಗೋದು ಅಂದ್ರೆ ನಿದ್ದೆ ಹೊಡೆಯೋದಲ್ಲ ಕಣೋ! ಮೊಣಕೈ ಊರು!"

ಹ್ಯಾವರ್ಟಿ ಟೀಚರ್ ಗಂಟಲು ಹರಿದುಕೊಂಡರೂ ಕೇಳುವವರಿಲ್ಲ. ಶಾಲೆಯ ಊಟದ ಹಾಲ್‌ನಲ್ಲಿ ಸಂಜೆಯ ಔತಣದ ತಾಲೀಮು; ಜಿಮ್ಮಿನ ನೀಲಿ ಚಾಪೆಗಳ ಮೇಲೆ ಎಂಟನೇ ತರಗತಿಯವರು ಬೆಡ್‌ಶೀಟ್ ಸುತ್ತಿಕೊಂಡು ಹಳೆಯ ರೋಮಿನ ಸಾಹುಕಾರರಂತೆ ಒರಗಿ ಉಣ್ಣಬೇಕಿತ್ತು. ಒಬ್ಬ ಗೊರಕೆ ಹೊಡೆಯುತ್ತಿದ್ದ. ಬಡಿಸುವುದನ್ನು ಕಲಿಯಬೇಕಿದ್ದ ಆರನೆಯವರು ತಟ್ಟೆಗಳನ್ನು ಎಸೆದಾಡುತ್ತಿದ್ದರು. ಓಹಾಯೊದ ಆ ಊರಿನವರಿಗೆ ತಮ್ಮ ಶಾಲೆಯಲ್ಲಿ ಲ್ಯಾಟಿನ್ ಕಲಿಸುತ್ತಾರೆಂದು ನೆನಪಾಗುವುದೇ ವರ್ಷಕ್ಕೊಮ್ಮೆ, ಈ ರೋಮನ್ ಔತಣದ ಸಂಜೆ. ಅದೂ ಹಾಳಾದರೆ ಆ ಪಾಠವನ್ನೇ ನಿಲ್ಲಿಸಲು ಪ್ರಿನ್ಸಿಪಾಲ್ ಬ್ರಾಂಟ್ ತುದಿಗಾಲಿನಲ್ಲಿ ನಿಂತಿದ್ದರು.

ಎಂಟನೆಯವರಲ್ಲಿ ಕೀಯಾ ಟಾಲಿವರ್ ಮಾತ್ರ ಬೆಡ್‌ಶೀಟ್ ಸುತ್ತಿರಲಿಲ್ಲ. ಹೈಸ್ಕೂಲಿನಲ್ಲೂ ಲ್ಯಾಟಿನ್ ಮುಂದುವರಿಸುತ್ತಾಳೆಂದು ಟೀಚರ್ ಆಸೆ ಇಟ್ಟುಕೊಂಡಿದ್ದ ಒಬ್ಬಳೇ ಹುಡುಗಿ ಅವಳು.

"ಮಜಿಸ್ಟ್ರ, ನಾನು ಒರಗಲ್ಲ," ಎಂದಳು. ಲ್ಯಾಟಿನ್ ಟೀಚರನ್ನು ಮಕ್ಕಳೆಲ್ಲ ಕರೆಯುವುದು ಹಾಗೆಯೇ. "ಮುಂದಿನ ವರ್ಷ ಲ್ಯಾಟಿನ್ನೂ ತಗೊಳಲ್ಲ."

ಟೀಚರಿಗೆ ರೇಗಿಹೋಯಿತು. "ಮತ್ತೆ ಅದೇನಾ? ಹರಾಜು ನಿಲ್ಲಿಸಿದೆ. ಗುಲಾಮರು ಅನ್ನೋ ಮಾತು ತೆಗೆದು ಬಡಿಸೋರು ಅಂತ ಮಾಡಿದೆ. ಇನ್ನೇನು ಮಾಡ್ಲಿ, ನೀನೇ ಹೇಳು!"

ಎರಡು ವರ್ಷದ ಹಿಂದಿನವರೆಗೂ ಔತಣ ಶುರುವಾಗುತ್ತಿದ್ದುದು ಹರಾಜಿನಿಂದ. ಆರನೆಯವರನ್ನು ಬೆಂಚಿನ ಮೇಲೆ ನಿಲ್ಲಿಸಿ, ಎಂಟನೆಯವರು ಕಾಗದದ ನಾಣ್ಯ ಕೊಟ್ಟು ಕೊಳ್ಳಬೇಕು; ಕೊಂಡವರಿಗೆ ಅವರು ಆ ಸಂಜೆಯ ಗುಲಾಮರು. ಎಲ್ಲರಿಗೂ ಭಾರಿ ತಮಾಷೆ. ಆ ವರ್ಷ ಬೆಂಚಿನ ಮೇಲೆ ನಿಂತ ಕಪ್ಪು ಮಗು ಕೀಯಾ ಒಬ್ಬಳೇ. ಎಲ್ಲರಿಗಿಂತ ಹೆಚ್ಚು ಬೆಲೆಗೆ ಹೋದಳು. ತನ್ನ ಜಾಣ ವಿದ್ಯಾರ್ಥಿನಿಗೆ ಸಿಕ್ಕ ಮರ್ಯಾದೆ ಎಂದು ಹ್ಯಾವರ್ಟಿ ಟೀಚರ್ ಜೋರಾಗಿ ಚಪ್ಪಾಳೆ ತಟ್ಟಿದ್ದರು.

"ಯಾಕೆ ನಿಲ್ಲಿಸಿದ್ರಿ ಅಂತ ಯಾರಿಗಾದ್ರೂ ಹೇಳಿದ್ರಾ?" ಎಂದಳು ಕೀಯಾ. "ಟೈಮ್ ಸಾಲಲ್ಲ ಅಂದ್ರಿ. ಅದು ತಪ್ಪು ಅಂತ ಎಲ್ಲರೆದುರು ಒಂದ್ಸಲ ಹೇಳಿ. ಅಷ್ಟೇ."

"ಹೇಳಿದ್ರೆ ಬ್ರಾಂಟ್ ನಾಳೆನೇ ಬಾಗಿಲು ಹಾಕಿಸ್ತಾರೆ. ಹಳೇದನ್ನ ಯಾಕೆ ಕೆದಕ್ತೀಯಾ? ಅವತ್ತು ನೀನೂ ನಗ್ತಾ ಇದ್ದೆಯಲ್ಲ!"

"ಆಗ ಹನ್ನೊಂದು ವರ್ಷ ನಂಗೆ. ಎಲ್ರೂ ನಗ್ತಿದ್ರು."

ಟೀಚರ್ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಸರಿ, ಒರಗಬೇಡ. ಸ್ವಾಗತ ಭಾಷಣನಾದ್ರೂ ಮಾಡ್ತೀಯೋ ಇಲ್ವೋ?"

"ಮಾಡ್ತೀನಿ."

ಸಂಜೆ ಹಾಲ್ ಜನರಿಂದ ತುಂಬಿತು. ಹುರಿದ ಕೋಳಿ, ದ್ರಾಕ್ಷಿ, ಜೇನಿನ ಕೇಕು ಬಂದವು. ಕೀಯಾಳ ಅಮ್ಮ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದರು. ಕೀಯಾ ಮೈಕಿನ ಮುಂದೆ ನಿಂತು, ಟೀಚರ್ ಬರೆದುಕೊಟ್ಟ ನಾಲ್ಕು ಸಾಲಿನ ಲ್ಯಾಟಿನ್ ಸ್ವಾಗತವನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಿದಳು. ಆಮೇಲೆ ನಿಲ್ಲಿಸದೆ, ಅದೇ ದನಿಯಲ್ಲಿ ಲ್ಯಾಟಿನ್ನಿನಲ್ಲೇ ಇನ್ನೆರಡು ಮಾತು ಸೇರಿಸಿದಳು: "ಎರಡು ವರ್ಷದ ಹಿಂದೆ ಈ ಹಾಲ್‌ನಲ್ಲಿ ನನ್ನನ್ನು ಮಾರಿದರು. ನನ್ನ ಗುರುಗಳು ಚಪ್ಪಾಳೆ ತಟ್ಟಿದರು."

ಹ್ಯಾವರ್ಟಿ ಟೀಚರಿಗೆ ಮಾತ್ರ ಒಂದೊಂದು ಶಬ್ದವೂ ಅರ್ಥವಾಯಿತು. ಇಷ್ಟು ವರ್ಷ ಗೋಳಾಡಿ ಕಲಿಸಿದ್ದಕ್ಕೆ, ಒಂದು ಮಗು ತನ್ನ ಸ್ವಂತ ಮಾತನ್ನು ಲ್ಯಾಟಿನ್ನಿನಲ್ಲಿ ಹೇಳಿದ್ದು ಇದೇ ಮೊದಲು. ತಿದ್ದುವುದಕ್ಕೆ ಏನೂ ಇರಲಿಲ್ಲ. ಒಂದಕ್ಷರವೂ ಅರ್ಥವಾಗದ ಅಪ್ಪ ಅಮ್ಮಂದಿರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಆಹಾ, ಏನು ಚೆಂದ!" ಎನ್ನುತ್ತ ಬ್ರಾಂಟ್ ಮೈಕು ತಂದು ಟೀಚರ ಕೈಗೆ ತುರುಕಿದರು. "ಏನಂದ್ಳು ಅಂತ ನಮಗೂ ಸ್ವಲ್ಪ ಹೇಳಿ ಮೇಡಂ."

ಟೀಚರ್ ಎದ್ದರು. ನಾಲ್ಕು ಸಾಲಿನ ಅರ್ಥ ಹೇಳಿದರು: ಬಂದವರಿಗೆ ಸ್ವಾಗತ, ಹೊಟ್ಟೆ ತುಂಬ ಉಣ್ಣಿ, ದೇವತೆಗಳು ನಿಮ್ಮನ್ನು ಕಾಯಲಿ. ಅಲ್ಲಿಗೆ ಕೂತುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜನ ತಟ್ಟೆಯ ಕಡೆ ತಿರುಗಿಯೂ ಆಗಿತ್ತು.

"ಇನ್ನೂ ಎರಡು ಮಾತು ಹೇಳಿದ್ಲು," ಎಂದರು.

ಚಾಪೆಯ ಮೇಲೆ ಒರಗಿದ್ದವರು ದ್ರಾಕ್ಷಿ ಬಿಟ್ಟು ತಲೆ ಎತ್ತಿದರು. ಕೀಯಾ ಅಲ್ಲೇ ಪಕ್ಕದಲ್ಲಿ ನಿಂತು, ಉತ್ತರ ಗೊತ್ತಿರುವ ಮಗು ಬಾಯಿ ಬಿಡಲೆಂದು ಕಾಯುವ ಟೀಚರಿನ ಹಾಗೆ, ಅವರನ್ನೇ ನೋಡುತ್ತಿದ್ದಳು.