ಹಗಲು ಹೊತ್ತಿನ ಲಗ್ನ

ಲಕ್ಷ್ಮಿದೇವಿ ಮತ್ತು ಭೀಮಾಶಂಕರ ಮದುವೆಯಾಗಲು ತೀರ್ಮಾನಿಸಿದಾಗ ಇಬ್ಬರಿಗೂ ನಲವತ್ತು ದಾಟಿತ್ತು. ಇಬ್ಬರೂ ಕಲಬುರಗಿ ಕಡೆಯವರು. ದುಡಿಯಲು ಬಂದು ಬೆಂಗಳೂರಿನ ದೊಡ್ಡನೆಕ್ಕುಂದಿಯ ಒಂದೇ ವಠಾರದಲ್ಲಿ ಬಾಡಿಗೆಗಿದ್ದವರು. ಅವಳು ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಅವನು ಕಾರ್ಖಾನೆಯ ಗೇಟು ಕಾಯುತ್ತಿದ್ದ. ಅವಳ ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ತೀರಿಕೊಂಡಿದ್ದ. ಅವನ ಹೆಂಡತಿ ಅಮೃತಮ್ಮ ಜ್ವರ ಬಂದು ತೀರಿಹೋಗಿದ್ದಳು.

ಗಂಡ ಸತ್ತವಳ ಮರುಮದುವೆಗೆ ಅವರ ಕಡೆ ಉಡಿಕಿ ಎನ್ನುತ್ತಾರೆ. ಕತ್ತಲಾದ ಮೇಲೆ, ಸದ್ದಿಲ್ಲದೆ, ಮನೆಯೊಳಗೆ ಮುಗಿಸುವ ಶಾಸ್ತ್ರ. ಲಕ್ಷ್ಮಿದೇವಿಗೆ ಅದು ಬೇಡವಾಗಿತ್ತು.

"ನಾವೇನು ಕಳುವು ಮಾಡ್ಲಕತ್ತೀವೇನು? ಹಗಲೊತ್ತಿನಾಗ, ಬಯಲಾಗ, ಮಂದಿ ಎದುರಿಗೇ ಆಗ್ಲಿ," ಎಂದಳು.

ಮನೆ ಮಾಲೀಕ ಮುನಿಆಂಜನಪ್ಪ ವಠಾರದ ಪಕ್ಕದ ಖಾಲಿ ಸೈಟು ಕೊಡಲು ಒಪ್ಪಿದರು. ಆದರೂ ಲಕ್ಷ್ಮಿದೇವಿಗೆ ಒಂದು ಅಳುಕು. ಆ ಭಾನುವಾರ ಮಹಿಳಾ ಸಂಘದ ಸಭೆಗೆ ಶಿವಾಜಿನಗರದ ನೌರೀನ್ ಬಂದಿದ್ದಳು. ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕಿ ಅವಳು.

"ಬಯಲಾಗ ಲಗ್ನ ಆದ್ರ ಸರ್ಕಾರ ಒಪ್ತದೇನ್ ತಂಗಿ?"

"ಯಾಕ್ ಒಪ್ಪಲ್ಲ ಅಕ್ಕಾ? ಛತ್ರನಾದ್ರೂ ಒಂದೇ, ಬಯಲಾದ್ರೂ ಒಂದೇ. ನಿಮ್ ಪದ್ಧತಿ ಪ್ರಕಾರ ಶಾಸ್ತ್ರ ಆಗ್ಬೇಕು. ಆಮೇಲೆ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಮಾಡಿಸ್ಬಿಡಿ. ಶಾಸ್ತ್ರ ಇಲ್ದೆ ಬರೀ ಸರ್ಟಿಫಿಕೇಟ್ ಸಾಲಲ್ಲ. ಸರ್ಟಿಫಿಕೇಟ್ ಇಲ್ದಿದ್ರೆ ನಾಳೆ ನೀವೇ ಓಡಾಡ್ಬೇಕು. ಮತ್ತೆ ಸೈಟಿನ ಓನರ್ ಹತ್ರ ಒಪ್ಪಿಗೆ ಬರೆಸ್ಕೊಳ್ಳಿ. ಮೈಕ್ ಹಾಕ್ಸೋದಾದ್ರೆ ಪೊಲೀಸ್ ಸ್ಟೇಷನ್‌ನಲ್ಲಿ ಅನುಮತಿ ತಗೋಬೇಕು. ಶಾಮಿಯಾನ ಮಾತ್ರ ರಸ್ತೆಗೆ ಬರ್ಬಾರ್ದು."

ಬಾಗಿಲಲ್ಲಿ ನಿಂತಿದ್ದ ಭೀಮಾಶಂಕರ ಮುಖ ಗಂಟಿಕ್ಕಿದ. "ಇಷ್ಟು ಮಂದಿ ಎದುರು ತಾಳಿ ಕಟ್ತೀನಿ. ಮ್ಯಾಲ ಆಫೀಸ್ ಯಾಕ ಬೇಕು? ಈ ವಯಸ್ಸಿನಾಗ ಸಾಲಿನಾಗ ನಿಂತ್ರ ನಗ್ತಾರ."

ಲಕ್ಷ್ಮಿದೇವಿ ಅವನ ಕಡೆ ತಿರುಗಿದಳು. "ನನ್ ಗಂಡ ಸತ್ತಾಗ ದವಾಖಾನ್ಯಾಗ ಹೆಣ ನನ್ ಕೈಗೆ ಕೊಡ್ಲಿಲ್ಲ. 'ಹೆಂಡ್ತಿ ಅನ್ನಾಕ ನಿನ್ ಕಡಿ ಏನದ?' ಅಂದ್ರು. ಕೂಡಿ ಬಾಳ್ವಿ ಮಾಡಿದಾಕಿ ನಾನು, ಹೊರಗ ನಿಂತೆ. ಊರಿಂದ ಅವ್ರ ತಮ್ಮ ಬಂದು ಸಹಿ ಮಾಡೋತನಕ ಮುಖ ನೋಡ್ಲಿಕ್ಕೂ ಬಿಡ್ಲಿಲ್ಲ. ಇನ್ನೊಮ್ಮಿ ಹಂಗ ನಿಲ್ಲಾಕ ನನ್ನಿಂದ ಆಗಂಗಿಲ್ಲ."

ಅವನು ತಲೆ ತಗ್ಗಿಸಿದ. ನೌರೀನ್ ಮೆಲ್ಲಗೆ ಹೇಳಿದಳು: "ಅಣ್ಣಾ, ಇಬ್ರಿಗೂ ಇದು ಎರಡ್ನೇ ಮದ್ವೆ ಅಲ್ವಾ? ಮೊದ್ಲಿನವ್ರ ಮರಣ ಪ್ರಮಾಣಪತ್ರ ಕೇಳ್ತಾರೆ. ಅದೊಂದು ರೆಡಿ ಇಟ್ಕೊಳ್ಳಿ."

ಲಕ್ಷ್ಮಿದೇವಿಯ ಹತ್ತಿರ ಗಂಡನದು ಇತ್ತು. "ನನ್ ಕಡಿ ಇಲ್ಲ," ಎಂದವನೇ ಭೀಮಾಶಂಕರ ಹೊರಟುಹೋದ.

ಆಮೇಲೆ ಅವನು ವಠಾರದಲ್ಲಿ ಕಣ್ಣಿಗೆ ಬೀಳುವುದೇ ಅಪರೂಪವಾಯಿತು. ಒಂದು ಪಾಳಿ ಮುಗಿಸಿ ಇನ್ನೊಂದು ಪಾಳಿಗೂ ನಿಲ್ಲತೊಡಗಿದ. ನಲ್ಲಿಯ ಹತ್ತಿರ ಹೆಂಗಸರ ಪಿಸುಮಾತು ಶುರುವಾಯಿತು: ಹೆಂಡತಿ ಬದುಕಿದ್ದಾಳೇನೋ, ಅದಕ್ಕೇ ಈ ಮನುಷ್ಯ ಆಫೀಸು ಎಂದರೆ ಹೆದರುತ್ತಾನೆ. ಲಕ್ಷ್ಮಿದೇವಿ ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದಳು. ನೌರೀನ್‌ಗೆ ಫೋನ್ ಮಾಡಿದಳು.

"ಮೊದಲ್ನೇ ಹೆಂಡ್ತಿ ಇದ್ದು, ಡೈವೋರ್ಸ್ ಆಗದೆ ಇದ್ರೆ ಈ ಮದ್ವೆ ಕಾನೂನಲ್ಲಿ ನಿಲ್ಲಲ್ಲ ಅಕ್ಕಾ. ಅವ್ರಿವ್ರ ಮಾತು ಯಾಕೆ ಕೇಳ್ತೀರಾ? ಅವ್ರನ್ನೇ ಕೇಳ್ಬಿಡಿ."

ಲಕ್ಷ್ಮಿದೇವಿ ನೇರವಾಗಿ ಕಾರ್ಖಾನೆಯ ಗೇಟಿಗೇ ಹೋದಳು.

"ಅಮೃತಮ್ಮ ಇದ್ದಾಳೋ, ಇಲ್ಲೋ? ಖರೇ ಹೇಳ್ರಿ."

ಭೀಮಾಶಂಕರ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಸತ್ತಾಳ ಲಕ್ಷ್ಮಿ. ಕಲಬುರಗಿ ದವಾಖಾನ್ಯಾಗ, ನನ್ ಕೈಯಾಗೇ. ಅಲ್ಲೇ ಬರಕೊಂಡಾರ. ಕಾಗದ ತಗೊಂಡು ಹೋಗು ಅಂದ್ರು. ನಾ ಹೋಗ್ಲಿಲ್ಲ. ಆಕಿ ಹೆಸ್ರಿನ ಮುಂದ ಮೃತ ಅಂತ ಬರದದ್ದು ಓದ್ಲಿಕ್ಕ ನನಗ ಧೈರ್ಯ ಆಗ್ಲಿಲ್ಲ."

ಲಕ್ಷ್ಮಿದೇವಿ ಕಣ್ಣು ಒರೆಸಿಕೊಂಡಳು. "ಒಬ್ರೇ ಯಾಕ ಓದ್ತೀರಿ? ನಾನೂ ಬರ್ತೀನಿ, ನಡೀರಿ."

ಇಬ್ಬರೂ ರೈಲು ಹತ್ತಿದರು. ಪ್ರಮಾಣಪತ್ರ ಕೈಗೆ ಬಂದಾಗ ಅವನು ಕಚೇರಿಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತ. ಅವಳು ಪಕ್ಕದಲ್ಲಿ ಕೂತಳು. ಆಮೇಲೆ ಅವಳೇ ಹಟ ಹಿಡಿದು ಅಮೃತಮ್ಮನ ತಾಯಿಯ ಮನೆಗೆ ಕರೆದುಕೊಂಡು ಹೋದಳು. ಮುದುಕಿ ಇಬ್ಬರನ್ನೂ ದಿಟ್ಟಿಸಿ ನೋಡಿ, ನೀರು ಕೊಟ್ಟು, ಕೊನೆಗೆ ಒಂದೇ ಮಾತು ಕೇಳಿದಳು: "ಲಗ್ನಕ್ಕ ನನ್ನ ಕರಿಯಂಗಿಲ್ಲೇನು?"

ಮದುವೆ ಬೆಳಗಿನ ಬಿಸಿಲಲ್ಲಿ ನಡೆಯಿತು. ಶಾಮಿಯಾನ ಸೈಟಿನ ಗೆರೆ ದಾಟಲಿಲ್ಲ. ಹಾಲು, ಪೇಪರು ಹಾಕುವವರೂ ನಿಂತು ಅಕ್ಕಿಕಾಳು ಹಾಕಿದರು. ಸುತ್ತಲಿನ ಮಹಡಿಗಳ ಮೇಲೆಲ್ಲ ಜನ. ಇಷ್ಟು ಕಣ್ಣುಗಳ ಎದುರು ತಾಳಿ ಕಟ್ಟಿಸಿಕೊಳ್ಳುವಾಗ ಲಕ್ಷ್ಮಿದೇವಿ ತಲೆ ತಗ್ಗಿಸಲಿಲ್ಲ.

ಕೆಲವು ದಿನ ಕಳೆದು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋದರು. ಮೂವರು ಸಾಕ್ಷಿಗಳು ಬೇಕಿತ್ತು. ಮುನಿಆಂಜನಪ್ಪ ಸಹಿ ಮಾಡಿದರು, ನೌರೀನ್ ಸಹಿ ಮಾಡಿದಳು.

"ಮೂರನೆಯವರು?" ಎಂದರು ಗುಮಾಸ್ತರು.

ಲಗ್ನಕ್ಕೆ ಬಂದು ಉಳಿದಿದ್ದ ಅಮೃತಮ್ಮನ ತಾಯಿ ಆಧಾರ್ ಕಾರ್ಡು ಹಿಡಿದು ಮುಂದೆ ಬಂದಳು.

"ನೀವು ಹುಡುಗನಿಗೆ ಏನಾಗ್ಬೇಕಮ್ಮಾ?"

"ಅತ್ತಿ," ಎಂದಳು ಮುದುಕಿ. ಲಕ್ಷ್ಮಿದೇವಿಯ ತಲೆ ಸವರಿ, "ಇಕಿಗೆ ಅವ್ವ," ಎಂದು ಹೆಬ್ಬೆಟ್ಟು ಒತ್ತಿದಳು.

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮದುವೆ ಛತ್ರದಲ್ಲಾಗಲಿ, ಮರದ ನೆರಳಲ್ಲಾಗಲಿ, ಅದು ನಿಮ್ಮ ಇಷ್ಟ. ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ತುಂಬಿರಲಿ. ಜಾಗದವರ ಒಪ್ಪಿಗೆ ಇರಲಿ. ವಯಸ್ಸು ಮತ್ತು ವಿಳಾಸದ ದಾಖಲೆ, ಮದುವೆಯ ಫೋಟೊ, ಮೂವರು ಸಾಕ್ಷಿಗಳು, ಮರುಮದುವೆಯಾದರೆ ಹಿಂದಿನ ಸಂಗಾತಿಯ ಮರಣ ಪ್ರಮಾಣಪತ್ರ ಅಥವಾ ವಿಚ್ಛೇದನದ ಆದೇಶ, ಇಷ್ಟನ್ನು ಹೊಂದಿಸಿಕೊಂಡು ನೋಂದಣಿ ಮಾಡಿಸಿ. ಬೇರೆ ಬೇರೆ ಧರ್ಮದವರಾದರೆ ನಿಯಮ ಬೇರೆ, ಮೂವತ್ತು ದಿನ ಮುಂಚೆಯೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ನೋಟಿಸು ಕೊಡಬೇಕು. ಏನೇ ಅನುಮಾನ ಬಂದರೂ ಕಾನೂನು ಸೇವೆಯ ಉಚಿತ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಕಷ್ಟದ ದಿನ ಯಾರೋ ಬಂದು "ನೀನು ಯಾರು?" ಎಂದು ಕೇಳಿದರೆ, ನಿಮ್ಮ ಮನೆಯ ಹೆಣ್ಣುಮಗಳು ಬಾಗಿಲ ಹೊರಗೆ ನಿಲ್ಲುವಂತಾಗದಿರಲಿ.