ಗಂಟೆ ಕಟ್ಟಿಕೊಂಡ ಡಿಪ್ಲೊಮಾ

ದ್ಯಾವಪ್ಪ ಕೃಷಿ ಡಿಪ್ಲೊಮಾಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ತಲೆಯೊಳಗೆ ಮಾತ್ರ ಆಗಲೇ ನಾಲ್ಕು ಜನ ಪ್ರೊಫೆಸರುಗಳು ಕಾಲು ಚಾಚಿ ಕೂತಿದ್ದರು. ರಜೆ ಹಾಕಿ ತನ್ನೂರು ಕಕ್ಕೇರಾಕ್ಕೆ ಬಂದ ಮಹಾಶಯ ಅವ್ವನ ಕೈಯ ರೊಟ್ಟಿ ತಿಂದು ಸುಮ್ಮನಿದ್ದಿದ್ದರೆ ಮನೆಗೂ ಒಳ್ಳೆಯದಿತ್ತು, ಕುರಿಗೂ ಒಳ್ಳೆಯದಿತ್ತು. ಆದರೆ ಕಾಲೇಜಿನ ಮಹಾದೇವಪ್ಪ ಮಾಸ್ತರು ಒಂದು ಕೆಲಸ ಹಚ್ಚಿ ಕಳಿಸಿದ್ದರು. ಮನೆಯ ಒಂದೊಂದು ಕುರಿ ಎಷ್ಟು ಮೇಯುತ್ತದೆ, ಎಷ್ಟು ತೂಗುತ್ತದೆ, ಎಷ್ಟು ಮರಿ ಹಾಕುತ್ತದೆ ಎಂದು ಲೆಕ್ಕ ಹಾಕಬೇಕು. ತಿಂದದ್ದಕ್ಕಿಂತ ಕಡಿಮೆ ಕೊಡುವುದನ್ನು ಹಿಂಡಿನಿಂದ ತೆಗೆಯಬೇಕು.

ಲೆಕ್ಕದಲ್ಲಿ ಸೋತದ್ದು ಮುದುಕಿ. ಕೊರಳಿಗೆ ಗಂಟೆ ಕಟ್ಟಿಕೊಂಡು ಹಿಂಡಿನ ಮುಂದೆ ನಡೆಯುತ್ತಿದ್ದ ಹಳೇ ಕುರಿಗೆ ಮನೆಯಲ್ಲಿ ಅದೇ ಹೆಸರು. ಹಲ್ಲು ಸವೆದಿದ್ದವು, ಮರಿ ಹಾಕುವುದು ನಿಂತಿತ್ತು.

"ಯವ್ವಾ, ಇದು ಪುಕ್ಕಟೆ ಮೇಯಾಕತ್ತೈತಿ," ಅಂದ.

ಅವ್ವ ಮೋನಮ್ಮ ಮುದುಕಿಯ ಬಾಯಿ ಬಿಡಿಸಿ ಹಲ್ಲು ನೋಡಿದಳು. "ಕಲ್ತಾವ ನೀನು. ತಿಳಿದಂಗ ಮಾಡಪ್ಪ," ಅಂದಳು.

ಶಹಾಪುರದ ವ್ಯಾಪಾರಿ ನಸೀರುದ್ದೀನ ಮುದುಕಿಯನ್ನು ತಕ್ಕಡಿಗೆ ಏರಿಸುವ ಮೊದಲು, "ಗಂಟಿ ಬಿಚ್ರಿ. ಕಂಚಿಗೆ ಮಾಂಸದ ರೇಟು ಕೊಡಂಗಿಲ್ಲ," ಅಂದ. ದ್ಯಾವಪ್ಪ ಬಿಚ್ಚಿ ಕಾಲೇಜಿನ ಚೀಲಕ್ಕೆ ಹಾಕಿಕೊಂಡ. ಮೋನಮ್ಮ ಮುದುಕಿಯ ಬೆನ್ನ ಮೇಲೊಮ್ಮೆ ಕೈಯಾಡಿಸಿ ಒಳಗೆ ಹೋದಳು. ದ್ಯಾವಪ್ಪ ಉಬ್ಬಿಹೋಗಿ, ನಾಳೆ ಹುಡುಗರನ್ನು ಕರಕೊಂಡು ಬಂದು ತನ್ನ ಲೆಕ್ಕ ನೋಡಿ ಹೋಗಬೇಕೆಂದು ಮಾಸ್ತರಿಗೆ ಫೋನು ಮಾಡಿಬಿಟ್ಟ.

ಮರುದಿನ ಹಿಂಡು ಕಾಲುವೆಯ ಆಚೆ ಜಗದೇವಪ್ಪನ ಹೊಲ ಮುಟ್ಟಬೇಕಿತ್ತು. ಭತ್ತ ಕೊಯ್ದ ಗದ್ದೆಯಲ್ಲಿ ರಾತ್ರಿ ಕುರಿ ಕೂಡಿಸಿದರೆ ಗೊಬ್ಬರ ಅವನಿಗೆ, ಮಳೆಗಾಲದವರೆಗೆ ಉಣ್ಣುವ ಜೋಳ ಇವರಿಗೆ. "ಹೊತ್ತು ಮುಳುಗೂದ್ರಾಗ ಬರದಿದ್ರ ಬ್ಯಾರೇದವರ ಹಿಂಡು ಕರೀತೀನಿ ನೋಡವ್ವ," ಎಂದು ಅವನು ಮೊದಲೇ ಹೇಳಿದ್ದ.

ಕಾಲುವೆಗೆ ಇದ್ದದ್ದು ಅಕ್ಕಪಕ್ಕ ತಡೆಗೋಡೆಯಿಲ್ಲದ ಇಕ್ಕಟ್ಟು ಸೇತುವೆ, ಕೆಳಗೆ ಭೋರೆನ್ನುವ ನೀರು. ಹಿಂಡು ಸೇತುವೆಯ ಬಾಯಿಗೆ ಬಂದು ನಿಂತುಬಿಟ್ಟಿತು. ಹೊಡೆದರು, ನೂಕಿದರು, ಒಂದನ್ನು ಹೊತ್ತುಕೊಂಡು ಆಚೆ ಬಿಟ್ಟರು. ಅದು ಇವರಿಗಿಂತ ಮೊದಲು ಈಚೆ ಓಡಿಬಂತು. ಹೊತ್ತು ಇಳಿಯುತ್ತಿತ್ತು.

"ಮುದುಕಿ ಮುಂದ ಹೋಗ್ತಿತ್ತಲ್ಲೋ," ಅಂದಳು ಮೋನಮ್ಮ. "ನನಗೂ ನೆನಪಾಗಲಿಲ್ಲ ನೋಡು."

ಮುದುಕಿ ಇಷ್ಟೊತ್ತಿಗೆ ಯಾರ ಮನೆಯ ಸಾರಿನಲ್ಲಿತ್ತೋ. ದ್ಯಾವಪ್ಪನಿಗೆ ಅಳು ಬಂತು, ಅಳಲು ಪುರುಸೊತ್ತಿರಲಿಲ್ಲ. ಚೀಲದಿಂದ ಗಂಟೆ ತೆಗೆದು ಸೇತುವೆಯ ಮೇಲೆ ನಿಂತು ಬಾರಿಸಿದ. ಕುರಿಗಳು ಕತ್ತೆತ್ತಿ ನೋಡಿದವು, ಅಷ್ಟೇ. ಕೊನೆಗೆ ಗಂಟೆಯನ್ನು ಕೊರಳಿಗೇ ಕಟ್ಟಿಕೊಂಡು, ಕೈ, ಮೊಣಕಾಲು ನೆಲಕ್ಕೂರಿ ಅಂಬೆಗಾಲಿಡುತ್ತ, "ಬ್ಯಾ" ಅಂದ. ಒಂದು ಕುರಿ ಹೆಜ್ಜೆ ಇಟ್ಟಿತು. ಅದರ ಹಿಂದೆ ಇನ್ನೊಂದು.

ನಡುಸೇತುವೆಯಲ್ಲಿ ತಲೆ ಎತ್ತಿದರೆ ಎದುರಿಗೆ ಲೆಕ್ಕ ನೋಡಲು ಬಂದ ಮಹಾದೇವಪ್ಪ ಮಾಸ್ತರು, ಅವರ ಹಿಂದೆ ಇಡೀ ಕ್ಲಾಸು. ಎದ್ದು ನಿಂತರೆ ಹಿಂಡು ತಿರುಗುತ್ತದೆ, ಜೋಳ ಹೋಗುತ್ತದೆ. ತಾನೇ ಕರೆಸಿದ ಅತಿಥಿಗಳ ಕಾಲ ಪಕ್ಕದಿಂದಲೇ ಹಾಯ್ದು, ಬ್ಯಾ ಎನ್ನುತ್ತಲೇ ಜಗದೇವಪ್ಪನ ಗದ್ದೆಯ ತನಕ ಹೋದ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ತನ್ನ ಜಾಗದಲ್ಲಿ ಬೇರೆಯವನಿದ್ದರೆ ದ್ಯಾವಪ್ಪನೂ ನಗುತ್ತಿದ್ದ.

ಮಾಸ್ತರು ನಗು ತಡೆದುಕೊಂಡು ಮೋನಮ್ಮನನ್ನು ಕೇಳಿದರು, "ಯವ್ವಾ, ಈ ಕುರಿದು ಲೆಕ್ಕ ಹೆಂಗೈತ್ರಿ?"

"ಭಾಳ ತಿಂತೈತ್ರಿ ಮಾಸ್ತರ. ತಿರುಗಿ ಕೊಟ್ಟಿದ್ದು ಇನ್ನಾ ಏನಿಲ್ಲ," ಅಂದಳು ಮೋನಮ್ಮ, ಮಗನ ಮೊಣಕಾಲಿನ ಮಣ್ಣು ಸೆರಗಿನಿಂದ ಒರೆಸುತ್ತ. "ಆದ್ರ ಮಾರಂಗಿಲ್ರಿ. ನಿನ್ನೆ ಒಂದು ಮಾರಿದ್ದೇ ಸಾಕಾಗೈತಿ."