ಸಾಲು ಬಿಟ್ಟು ಎದ್ದ ಬೆಟ್ಟ

ಬೂದಿ ಬೀಳುವಾಗ ಸದ್ದೇ ಇಲ್ಲವಲ್ಲ, ಯಾರೋ ಮೇಲೆ ಕೂತು ಹಿಟ್ಟು ಜರಡಿ ಹಿಡಿದ ಹಾಗೆ, ಲೈಮಾರಾ ತುಟಿ ನೆಕ್ಕಿಕೊಂಡಳು, ಗಂಧಕದ ಹುಳಿ, ಹಲ್ಲಿನಡಿ ಕರಕರ — ಇದೇ ಬೂದಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ವರ್ಷಗಟ್ಟಲೆ ನೋಡಿದವಳು, ಗಾಜಿನ ಚೂರು, ಹಸಿರು ಹರಳು, ಮಿಕ್ಕ ಜ್ವಾಲಾಮುಖಿ ಬೆಟ್ಟಗಳೆಲ್ಲ ಸಮುದ್ರದಲ್ಲಿ ಸಾಲಾಗಿ ನಿಂತಿರುವಾಗ ತನ್ನ ದ್ವೀಪದ್ದು ಮಾತ್ರ ಯಾಕೆ ಅಷ್ಟು ದೂರ ಒಂಟಿಯಾಗಿ ಎದ್ದಿತು, ಅದೊಂದೇ ಪ್ರಶ್ನೆ, ಕೊನೆಗೆ ಉತ್ತರವೂ ಸಿಕ್ಕಿತು, ಕೆಳಗೆ ಮುಳುಗುತ್ತಿರುವ ಭೂಫಲಕ ಆಳದಲ್ಲೆಲ್ಲೋ ಹರಿದಿದೆ, ಆ ಹರಕಿನಿಂದ ಕಾವು ನುಗ್ಗಿ ಬಂಡೆ ಕರಗಿದೆ, ವಿಜ್ಞಾನಿಗಳ ಸಭೆಯಲ್ಲಿ ಚಪ್ಪಾಳೆ ಬಿದ್ದಿತ್ತು, ಊರಿಗೆ ಬಂದು ಹೇಳಿದರೆ ಗರಾಯ್ ಚಿಕ್ಕಪ್ಪ ಕಾವಾ ಬೇರಿನ ರಸ ಕುಡಿಯುವ ತೆಂಗಿನ ಚಿಪ್ಪು ಕೆಳಗಿಟ್ಟು ನಕ್ಕಿದ್ದ, ಅಲ್ಲ ಕಣೇ, ಅಷ್ಟು ಆಳದ ಹರಕು ಕಾಣುತ್ತೆ, ನನ್ನ ಅಂಗಿ ಹರಿದಿದ್ದು ಕಾಣಲ್ವಾ ನಿಂಗೆ — ಆ ಚಿಕ್ಕಪ್ಪ ಬೆಳಿಗ್ಗೆ ಮೇಲಿನ ತೋಟಕ್ಕೆ ಹೋದವನು ಇನ್ನೂ ಇಳಿದಿಲ್ಲ, ಹಂದಿಗಳನ್ನ ಬಿಚ್ಚಿಬಿಟ್ಟು ಬರ್ತೀನಿ, ಕಟ್ಟಿದ ಜಾಗದಲ್ಲೇ ಬೆಂದು ಸಾಯಬಾರದು ಪಾಪ, ಅಂದಿದ್ದ, ಆಮೇಲೆ ನೆಲ ನಡುಗಿತು, ದಾರಿ ಹೊಗೆಯೊಳಗೆ ಹೋಯಿತು, ಊರವರನ್ನು ಒಯ್ಯಲು ಬಂದ ಹಡಗು ದೂರದಲ್ಲಿ ಕೂಗುತ್ತಿದೆ, ದಡದಲ್ಲಿ ಇದೇ ಕೊನೆಯ ದೋಣಿ, ಮೊಟಾರಿ ಚಿಕ್ಕಮ್ಮ ಮೊಣಕಾಲುದ್ದ ನೀರಲ್ಲಿ ನಿಂತು ಅವಳ ರಟ್ಟೆ ಹಿಡಿದಿದ್ದಳು, ಹೆತ್ತವಳಲ್ಲ, ಸಾಕಿದವಳು, ಬಾಯಿಗೆ ಬಿಸಿ ಗೆಣಸು ಊದಿ ಇಟ್ಟವಳು, ಹೇಳೇ, ನಿಮ್ಮ ಚಿಕ್ಕಪ್ಪ ಇಳಿಯೋವರೆಗೂ ತಡೆಯುತ್ತಾ ಬೆಟ್ಟ, ಗೊತ್ತಿಲ್ಲ ಚಿಕ್ಕಮ್ಮ, ಒಂದು ಅಂದಾಜಾದರೂ ಹೇಳು, ಗೊತ್ತಿಲ್ಲ, ದೋಣಿ ಹತ್ತು ಮೊದಲು, ಅಷ್ಟು ಓದಿದೀಯಲ್ಲ ಮಗಳೇ — ಬೈಗುಳವಾಗಿರಲಿಲ್ಲ ಅದು, ನಿಜವಾಗಿ ಕೇಳಿದ್ದು, ನೀನು ಹೋಗು, ಅವರು ಬಂದರೆ ಇಬ್ಬರೂ ಬರ್ತೀವಿ, ಯಾವುದರಲ್ಲಿ ಬರ್ತೀಯಾ ಚಿಕ್ಕಮ್ಮ, ದೋಣಿ ಎಲ್ಲಿದೆ, ಸೆರಗಿಲ್ಲ ಹಿಡಿದೆಳೆಯಲು, ಚಿಕ್ಕಮ್ಮನ ಕೈಯನ್ನೇ ಎಳೆದಳು, ಬೆವರಿಗೆ ಜಾರಿತು, ನಾವಿಕ ಹಿಂದಿನಿಂದ ಲೈಮಾರಾಳ ಸೊಂಟ ಹಿಡಿದು ದೋಣಿಯೊಳಕ್ಕೆ ಹಾಕಿದ, ಸಾಕಮ್ಮ, ಮಕ್ಕಳಿದಾರೆ ಇಲ್ಲಿ, ಎಲ್ಲರನ್ನೂ ಮುಳುಗಿಸ್ತೀಯಾ, ಮೋಟಾರು ಕೆಮ್ಮಿತು, ಶುರುವಾಯಿತು, ಈಗ ದಡವೆಲ್ಲ ಒಂದೇ ಬಣ್ಣ, ತೆಂಗು ಬೂದಿ, ಮರಳು ಬೂದಿ, ಚಿಕ್ಕಮ್ಮನೂ ಬೂದಿ, ತಲೆ ಮೇಲೆ ಹಿಡಿದ ಕೆಸುವಿನ ಎಲೆಯೊಂದೇ ಹಸಿರು, ಅದೂ ಮಸುಕಾಯಿತು, ಕೊಡವಿದಳು, ಹಸಿರು, ಮಸುಕಾಯಿತು, ಕೊಡವಿದಳು, ಚೂರು ಹಸಿರು, ದೋಣಿ ಇನ್ನೂ ದೂರ, ಎಲೆ, ಕೊಡವುತ್ತಾಳೆ ಈಗ, ಈಗ, ಚಿಕ್ಕಮ್ಮಾ ಕೊಡವು, ಆ ಎಲೆ, ಬೂದಿ ಬಣ್ಣದ ಎಲೆ —